ಬೆಲೆ ಇಲ್ಲದ ಮೆನು ಕಾರ್ಡು

ಅಮ್ಮ ಯಾವ ಹೋಟೆಲಿಗೆ ಹೋದರೂ ಮೆನು ಕಾರ್ಡನ್ನು ಬಲಗಡೆಯಿಂದ ಓದುತ್ತಾಳೆ. ಮೊದಲು ಬೆಲೆ, ಆಮೇಲೆ ತಿಂಡಿಯ ಹೆಸರು. ಬೆರಳು ಬೆಲೆಯ ಸಾಲಿನಲ್ಲಿ ಮೇಲಿಂದ ಕೆಳಗೆ ಇಳಿದು, ಎಲ್ಲಕ್ಕಿಂತ ಕಡಿಮೆ ಇರುವಲ್ಲಿ ನಿಲ್ಲುತ್ತದೆ. "ನಂಗೆ ಇಡ್ಲಿ ಸಾಕು ಕಣೇ" ಅನ್ನುತ್ತಾಳೆ. ಅಮ್ಮನಿಗೆ ಇಡ್ಲಿ ಅಂದರೆ ಬಹಳ ಇಷ್ಟ ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ. ತುಮಕೂರಿನಿಂದ ಊರಿಗೆ ಹೋಗುವಾಗೆಲ್ಲ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದೆ.

ಹೋದ ಸಂಕ್ರಾಂತಿ ಕಳೆದ ಮೇಲೆ ನಾನು, ತಮ್ಮ ಸೇರಿ ಅಪ್ಪ ಅಮ್ಮನನ್ನು ಮಾಲ್ಡೀವ್ಸ್‌ಗೆ ಕರೆದುಕೊಂಡು ಹೋದೆವು. ಅವರ ಮದುವೆಯಾಗಿ ನಲವತ್ತೈದು ವರ್ಷ ತುಂಬಿತ್ತು. ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿ ಬಿಟ್ಟು ಅವರು ದೂರ ಹೋಗಿದ್ದು ಅಂದರೆ ಶ್ರೀಶೈಲ, ಧರ್ಮಸ್ಥಳ, ಒಮ್ಮೆ ಕಾಶಿ. ಸಮುದ್ರ ನೋಡಿದ್ದು ಗೋಕರ್ಣದಲ್ಲಿ, ಅದೂ ಅರ್ಧ ದಿನ. "ಸಮುದ್ರದ ಮಧ್ಯ ಮಲಗಿಸ್ತೀವಿ ಬನ್ನಿ" ಅಂತ ತಮ್ಮ ಹೇಳಿದಾಗ ಅಪ್ಪ ಹೆದರಿದರು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೇನು ಮಾಡೋದು?"

ಈ ಬರಹ ಆ ಊಟದ ಬಗ್ಗೆ.

ಅಲ್ಲಿನ ರೆಸಾರ್ಟುಗಳಲ್ಲಿ ಊಟದ ಲೆಕ್ಕ ನಾಲ್ಕು ಥರ. ಬರೀ ಬೆಳಗಿನ ತಿಂಡಿ ಸೇರಿದ್ದು ಒಂದು. ತಿಂಡಿ ಮತ್ತು ರಾತ್ರಿ ಊಟ ಸೇರಿದ್ದು ಹಾಫ್ ಬೋರ್ಡ್. ಮೂರು ಹೊತ್ತೂ ಸೇರಿದರೆ ಫುಲ್ ಬೋರ್ಡ್. ಮೂರು ಹೊತ್ತಿನ ಜೊತೆಗೆ ಕಾಫಿ, ಜ್ಯೂಸ್, ಮದ್ಯ, ಸಂಜೆಯ ಕುರುಕಲು ಎಲ್ಲ ಸೇರಿದ್ದು ಆಲ್ ಇನ್‌ಕ್ಲೂಸಿವ್. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಮೀನು, ಮಾಂಸ ಮುಟ್ಟುವುದಿಲ್ಲ. ಹಣದ ಲೆಕ್ಕದಲ್ಲಿ ನಮ್ಮಂಥವರಿಗೆ ಫುಲ್ ಬೋರ್ಡ್ ಸರಿ. ಆಲ್ ಇನ್‌ಕ್ಲೂಸಿವ್‌ಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ದೊಡ್ಡ ಪಾಲು ಮದ್ಯದ್ದೇ. ಯಾರಾದರೂ ಕೇಳಿದರೆ ಇವತ್ತಿಗೂ ಹಾಗೇ ಹೇಳುತ್ತೇನೆ. ಜೊತೆಗೆ ತೆರಿಗೆ ಸೇರಿಸಿದ ಬೆಲೆ ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ ಅಂತಲೂ ಹೇಳುತ್ತೇನೆ. ಅಲ್ಲಿ ಪ್ರವಾಸಿಗರ ಬಿಲ್ಲಿನ ಮೇಲೆ 2025ರ ಜುಲೈನಿಂದ 17 ಶೇಕಡಾ ಜಿಎಸ್‌ಟಿ ಇದೆ. ಅದರ ಮೇಲೆ 10 ಶೇಕಡಾ ಸೇವಾ ಶುಲ್ಕ, ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ.

ಆದರೂ ನಾನು ಹಟ ಹಿಡಿದು ಆಲ್ ಇನ್‌ಕ್ಲೂಸಿವ್ ತೆಗೆಸಿದೆ. ಕಾರಣ ಅಮ್ಮನ ಆ ಬೆರಳು. ಎಲ್ಲ ಮೊದಲೇ ಕಟ್ಟಿ ಹೋದರೆ ಮೆನು ಕಾರ್ಡಿನಲ್ಲಿ ಬೆಲೆಯ ಸಾಲೇ ಇರುವುದಿಲ್ಲ. ಅಮ್ಮ ಎಡಗಡೆಯಿಂದ ಓದುವುದನ್ನು ಒಂದು ಸಲ ನೋಡಬೇಕಿತ್ತು.

ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ತುಮಕೂರಿನಿಂದ ದೇವನಹಳ್ಳಿಗೆ ಹೋಗುವುದಕ್ಕೂ ಹತ್ತಿರ ಹತ್ತಿರ ಅಷ್ಟೇ ಬೇಕು. ಅಲ್ಲಿಂದ ಸ್ಪೀಡ್ ಬೋಟು. ದೋಣಿ ಇಳಿದ ಕೂಡಲೇ ಒಬ್ಬ ಹುಡುಗ ನಾಲ್ಕು ಎಳನೀರು ತಂದು ಕೊಟ್ಟ. "ಕುರುಂಬಾ" ಅಂದ. ಅವರ ದಿವೇಹಿ ಭಾಷೆಯಲ್ಲಿ ಎಳನೀರಿಗೆ ಕುರುಂಬಾ ಅಂತಾರೆ. 1972ರಲ್ಲಿ ಆ ದೇಶದಲ್ಲಿ ಶುರುವಾದ ಮೊದಲ ರೆಸಾರ್ಟಿಗೂ ಅದೇ ಹೆಸರು. ತೆಂಗು ಅವರ ರಾಷ್ಟ್ರೀಯ ಮರ. ಇಷ್ಟು ಕೇಳಿದ್ದೇ ಅಪ್ಪನ ಹೆದರಿಕೆ ಅರ್ಧ ಇಳಿಯಿತು. ಎಳನೀರು ಕುಡಿದು, ಬುರುಡೆಯನ್ನು ಕೈಯಲ್ಲಿ ತೂಗಿ, "ಗಂಜಿ ಆಗಿದೆ, ಇನ್ನೊಂದು ವಾರ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು" ಅಂದರು. ಆಮೇಲೆ ತಲೆ ಎತ್ತಿ ಮರಗಳನ್ನು ನೋಡುತ್ತಾ ನಿಂತರು. ಅಷ್ಟು ಮರ, ಒಂದರಲ್ಲೂ ಬಲಿತ ಕಾಯಿಲ್ಲ. ಅತಿಥಿಗಳ ತಲೆ ಮೇಲೆ ಬೀಳದಿರಲಿ ಅಂತ ಎಳೆಯದರಲ್ಲೇ ಇಳಿಸಿಬಿಡುತ್ತಾರಂತೆ. ನಮ್ಮಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಗಲಗಲ ಅನ್ನುವವರೆಗೆ ಮುಟ್ಟುವುದಿಲ್ಲ. ಅಪ್ಪನಿಗೆ ಅದು ನಾಲ್ಕು ದಿನವೂ ಕೊರೆಯಿತು.

ಅಮ್ಮನ ಚಿಂತೆ ಬೇರೆ. "ಇಲ್ಲಿ ಮಣ್ಣೇ ಇಲ್ವಲ್ಲೇ, ಎಲ್ಲ ಮರಳು. ತರಕಾರಿ ಎಲ್ಲಿಂದ ಬರುತ್ತೆ?"

ಸರಿಯಾದ ಪ್ರಶ್ನೆ. ಸುಮಾರು 1,200 ದ್ವೀಪಗಳ ದೇಶ ಅದು. ಜನ ಊರು ಕಟ್ಟಿಕೊಂಡಿರುವುದು 200ರ ಆಸುಪಾಸು ದ್ವೀಪಗಳಲ್ಲಿ. ಸಿಗುವುದು ಮೀನು, ತೆಂಗು, ಒಂದಿಷ್ಟು ಹಲಸಿನ ಜಾತಿಯ ಕಾಯಿ, ಗೆಡ್ಡೆ. ಮಿಕ್ಕಿದ್ದೆಲ್ಲ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಕುಡಿಯುವ ನೀರನ್ನೂ ಸಮುದ್ರದ ಉಪ್ಪು ತೆಗೆದು ಮಾಡುತ್ತಾರೆ. ನಮ್ಮ ದೇಶಕ್ಕೂ ಅವರಿಗೂ 1981ರಿಂದ ಒಂದು ಒಪ್ಪಂದ ಇದೆ. ಇಲ್ಲಿ ರಫ್ತು ನಿಲ್ಲಿಸಿದ ಕಾಲದಲ್ಲೂ ಅವರಿಗೆ ಬೇಕಾದ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಈರುಳ್ಳಿ ಹೋಗುತ್ತದೆ. 2024-25ಕ್ಕೆ 35 ಸಾವಿರ ಟನ್ನಿಗಿಂತ ಜಾಸ್ತಿ ಈರುಳ್ಳಿ, 42 ಕೋಟಿಗೂ ಮೇಲೆ ಮೊಟ್ಟೆ ಕಳಿಸಲು ಭಾರತ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ಇದನ್ನು ಹೇಳಿದಾಗ ಅಮ್ಮ ಸಾಲಡ್‌ನ ಈರುಳ್ಳಿಯನ್ನು ಕೈಗೆತ್ತಿಕೊಂಡು ನೋಡಿದಳು. "ಪಾಪ, ಎಷ್ಟು ದೂರದಿಂದ ಬಂದಿದೆ" ಅಂದಳು. ತಟ್ಟೆಯಲ್ಲಿದ್ದ ಒಂದು ಚೂರನ್ನೂ ಬಿಡಲಿಲ್ಲ.

ದ್ವೀಪದಲ್ಲಿ ಊಟದ ಜಾಗ ಐದು. ಒಂದು ದೊಡ್ಡ ಬಫೆ. ಒಂದು ಇಟಾಲಿಯನ್, ಒಂದು ಜಪಾನಿನದು, ಕಡಲ ದಂಡೆಯಲ್ಲಿ ಸುಟ್ಟ ಮೀನಿನದು, ಈಜುಕೊಳದ ಪಕ್ಕ ಸಣ್ಣದೊಂದು. ಬಫೆಗೆ ಯಾವಾಗ ಬೇಕಾದರೂ ಹೋಗಬಹುದು. ಉಳಿದ ಕಡೆ ಮೊದಲೇ ಜಾಗ ಹಿಡಿದಿಡಬೇಕು. ನಾವು ಮೊದಲ ದಿನ ಸಮುದ್ರ ನೋಡುವುದರಲ್ಲೇ ಕಳೆದೆವು. ಎರಡನೇ ದಿನ ಕೇಳಿದರೆ ಇಟಾಲಿಯನ್ ಪೂರ್ತಿ ಭರ್ತಿ. ಹೋಗುವವರು ಕೋಣೆಯ ಬೀಗ ಕೈಗೆ ಬಂದ ಗಳಿಗೆಯಲ್ಲೇ ಇದನ್ನು ಮಾಡಿಕೊಳ್ಳಿ. "ಎಲ್ಲ ಸೇರಿದೆ" ಅನ್ನುವುದರಲ್ಲೂ ಕೆಲವು ಸೇರಿರುವುದಿಲ್ಲ. ಸಿಗಡಿಯ ದೊಡ್ಡಣ್ಣ ಲಾಬ್‌ಸ್ಟರ್, ದುಬಾರಿ ವೈನು, ಮರಳಿನ ಮೇಲೆ ದೀಪ ಹಚ್ಚಿ ಇಬ್ಬರಿಗೇ ಬಡಿಸುವ ಊಟ, ಇವಕ್ಕೆ ಬೇರೆ ದುಡ್ಡು.

ಬಫೆಯಲ್ಲಿ ಅಮ್ಮ ಖುಷಿಯಾಗಿದ್ದಳು. ಯಾಕೆ ಅಂತ ಎರಡನೇ ದಿನ ಗೊತ್ತಾಯಿತು. ಅಲ್ಲಿ ಎದ್ದು ಓಡಾಡಬಹುದು. ಅಪ್ಪನಿಗೆ ಅನ್ನ, ಬೇಳೆ ಸಾರಿನಂಥದ್ದೊಂದು, ಮೊಸರು ತಂದಿಡುತ್ತಿದ್ದಳು. ತಮ್ಮನಿಗೆ ಚಪಾತಿ. ನನಗೆ ಹಣ್ಣು. "ಅದು ತಿನ್ನು, ಚೆನ್ನಾಗಿದೆ" ಅಂತ ಇನ್ನೊಂದು. ನಾವೆಲ್ಲ ಅರ್ಧ ಉಂಡ ಮೇಲೆ ತನ್ನ ತಟ್ಟೆ ಹಿಡಿದು ಹೋಗುತ್ತಿದ್ದಳು. ಸಾವಿರಾರು ರೂಪಾಯಿ ಕೊಟ್ಟು, ಸಮುದ್ರ ದಾಟಿ ಕರೆದುಕೊಂಡು ಬಂದರೂ ಅಮ್ಮ ನಮ್ಮ ಮನೆಯ ಅಡುಗೆಮನೆಯಲ್ಲೇ ಇದ್ದಳು. ನನಗೆ ಗಂಟಲು ಕಟ್ಟಿದ ಹಾಗಾಯಿತು.

ಅಲ್ಲಿ ಅವಳ ಮನಸ್ಸಿಗೆ ಹಿಡಿಸದೇ ಇದ್ದದ್ದು ಬಿಟ್ಟ ತಟ್ಟೆಗಳು. ಪಕ್ಕದ ಮೇಜಿನಲ್ಲಿ ಒಂದು ಕೇಕನ್ನು ಒಂದೇ ತುತ್ತು ತಿಂದು ಬಿಟ್ಟಿದ್ದರು. ಮುಟ್ಟದ ಬ್ರೆಡ್ಡು, ಅರ್ಧ ಕಚ್ಚಿದ ಕಲ್ಲಂಗಡಿ. ಅವತ್ತು ಜನವರಿ 21. ತುಮಕೂರಿನವರಿಗೆ ಆ ತಾರೀಖು ಹೇಳಬೇಕಾಗಿಲ್ಲ. 2019ರಲ್ಲಿ ಅದೇ ದಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು, 111 ವರ್ಷದವರಾಗಿ. ಈಗ ಸರ್ಕಾರ ಆ ದಿನವನ್ನು ದಾಸೋಹ ದಿನ ಅಂತ ಆಚರಿಸುತ್ತದೆ. ನನ್ನ ಸೋದರಮಾವ ಮಠದಲ್ಲೇ ಇದ್ದು ಓದಿದವರು. ಸುಮಾರು ಹತ್ತು ಸಾವಿರ ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು. ಮಕ್ಕಳ ಮಧ್ಯಾಹ್ನದ ಊಟ ಆಗುವವರೆಗೂ ನನ್ನ ಸುದ್ದಿ ಹೇಳಬೇಡಿ ಅಂತ ಸ್ವಾಮೀಜಿ ಹೇಳಿದ್ದರು ಅನ್ನುವ ಮಾತು ಅವತ್ತು ಊರಿನ ಎಲ್ಲರ ಬಾಯಲ್ಲಿತ್ತು. ಅಮ್ಮ ಅದನ್ನೇ ನೆನೆಸಿಕೊಂಡಳು. "ಅವರು ಹೋದ ದಿನಾನೂ ಮಕ್ಕಳು ಉಂಡಿದ್ರು" ಅಂದಳು. ಪಕ್ಕದ ಮೇಜಿನವರನ್ನು ಏನೂ ಅನ್ನಲಿಲ್ಲ. ಸುಮ್ನೆ ತನ್ನ ತಟ್ಟೆಯನ್ನು ಬೆರಳಿನಿಂದ ಬಳಿದು ಊಟ ಮುಗಿಸಿದಳು.

ಮಿತಿ ಇಲ್ಲದ ಊಟ ಅನ್ನುವುದು ನಮಗೆ ಹೊಸದಲ್ಲ ಅಂತ ನನಗೆ ಆಗ ಅನಿಸಿತು. ಮಠದಲ್ಲಿ, ಜಾತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಅಲ್ಲಿ ಬಡಿಸುವವನು ಎದುರಿಗೆ ಬಂದು ನಿಲ್ಲುತ್ತಾನೆ. "ಇನ್ನೊಂದು ಸ್ವಲ್ಪ?" ಅಂತಾನೆ. ನಾವು ಎಲೆಗೆ ಕೈ ಅಡ್ಡ ಇಟ್ಟು "ಸಾಕು" ಅನ್ನುತ್ತೇವೆ. ಬಫೆಯಲ್ಲಿ ಬೇಕು ಅನ್ನುವುದೂ ಸಾಕು ಅನ್ನುವುದೂ ನಮ್ಮೊಳಗೇ ಮುಗಿಯಬೇಕು. ಸಮುದ್ರ ತೀರದ ಈ ಪದ್ಧತಿಯ ಬೇರು ಹುಡುಕಿದರೆ 1950ಕ್ಕೆ ಹೋಗುತ್ತದೆ. ಜೆರಾರ್ಡ್ ಬ್ಲಿಟ್ಜ್ ಎಂಬ ಬೆಲ್ಜಿಯಂನವರು ಸ್ಪೇನಿನ ಮಯೋರ್ಕ ದ್ವೀಪದಲ್ಲಿ ಡೇರೆ ಹಾಕಿ ಕ್ಲಬ್ ಮೆಡ್ ಶುರು ಮಾಡಿದರು. ಎರಡನೇ ಮಹಾಯುದ್ಧ ಮುಗಿದು ಐದೇ ವರ್ಷ. ಹೊಟ್ಟೆ ತುಂಬ ಊಟ, ಒಟ್ಟಿಗೆ ಕೂತು ತಿನ್ನುವ ಉದ್ದನೆಯ ಮೇಜು, ಎಲ್ಲಕ್ಕೂ ಒಂದೇ ದುಡ್ಡು. ಮದ್ಯಕ್ಕೆ ಮಾತ್ರ ಬೇರೆ ಲೆಕ್ಕ. ಅದಕ್ಕೆ ನೋಟಿನ ಬದಲು ಕೊರಳಿಗೆ ಹಾಕಿಕೊಳ್ಳುವ ಮಣಿ ಕೊಡುವುದು ಮುಂದೆ ರೂಢಿಯಾಯಿತು. ಆ ಒಟ್ಟಿಗೆ ಕೂರುವ ಮೇಜು ಈಗ ಅಪರೂಪ. ಅದು ಎಲ್ಲ ಕಡೆ ಉಳಿದಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ರಾತ್ರಿ ಜಪಾನಿನ ಊಟ. ಅಲ್ಲಿ ಅಮ್ಮ ಎದ್ದು ಓಡಾಡುವ ಹಾಗಿರಲಿಲ್ಲ. ಕುರ್ಚಿ ಎಳೆದು ಕೂರಿಸಿದರು, ತೊಡೆಯ ಮೇಲೆ ಬಟ್ಟೆ ಹಾಸಿದರು. ಮೆನು ಕಾರ್ಡು ಕೈಗೆ ಬಂತು. ಅಮ್ಮನ ಬೆರಳು ಅಭ್ಯಾಸದಿಂದ ಬಲಗಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳು ಸ್ವಲ್ಪ ಹೊತ್ತು ಖಾಲಿ ಜಾಗದ ಮೇಲೇ ನಿಂತಿತ್ತು. "ನೀನೇ ಹೇಳೇ" ಅಂತ ಕಾರ್ಡು ನನಗೆ ಕೊಟ್ಟುಬಿಟ್ಟಳು. ಏನು ಬೇಕು ಅನ್ನುವುದನ್ನು ಬೆಲೆಯ ಸಹಾಯ ಇಲ್ಲದೆ ಆರಿಸುವುದು ಅವಳಿಗೆ ರೂಢಿಯೇ ಇರಲಿಲ್ಲ.

ಅವತ್ತು ಒಂದು ತಪ್ಪೂ ಆಯಿತು. ಸಸ್ಯಾಹಾರ ಅಂತ ಹೇಳಿಯೇ ಸೂಪು ತರಿಸಿದ್ದೆವು. ಮಿಸೊ ಸೂಪು, ಹುದುಗಿಸಿದ ಸೋಯಾ ಕಾಳಿನದು. ತೋಫು, ಈರುಳ್ಳಿ ಸೊಪ್ಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಮ್ಮ ಎರಡು ಚಮಚ ಕುಡಿದಿದ್ದಳು. ಬಡಿಸಿದ ಹುಡುಗ ಒಳಗಿನಿಂದ ಓಡಿ ಬಂದ. ಮಿಸೊದ ತಳಕ್ಕೆ ದಾಶಿ ಅನ್ನುವ ಕಟ್ಟು ಹಾಕುತ್ತಾರೆ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಎಸಳಿನಿಂದ ತೆಗೆಯುತ್ತಾರೆ. ಅವನು ನಡುಗುತ್ತಿದ್ದ. ಅಮ್ಮ ಚಮಚ ಕೆಳಗಿಟ್ಟಳು. ಕೊರಳಿನ ಲಿಂಗವನ್ನು ಸೀರೆಯ ಮೇಲಿಂದಲೇ ಮುಟ್ಟಿಕೊಂಡು ಕಣ್ಣು ಮುಚ್ಚಿದಳು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನೀರು ಕುಡಿದು ಅವನಿಗೆ ಹೇಳಿದಳು: "ಪರವಾಗಿಲ್ಲಪ್ಪ, ಬೇಕು ಅಂತ ಮಾಡಿದ್ದಲ್ಲವಲ್ಲ." ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅರ್ಥವಾಯಿತು. ಬಾಂಗ್ಲಾದೇಶದ ಹುಡುಗ.

ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ. ನಮ್ಮಂಥವರು ಅಲ್ಲಿ ಬಾಯಿಬಿಟ್ಟು ಕೇಳಬೇಕು. ಮಾಂಸ ಇದೆಯಾ ಅಂತಲ್ಲ, ಕಟ್ಟು ಯಾವುದು ಅಂತ. ಥಾಯ್ ಸಾರಿನಲ್ಲಿ ಮೀನಿನ ರಸ ಇರುತ್ತದೆ. ಕೊರಿಯಾದ ಉಪ್ಪಿನಕಾಯಿ ಕಿಮ್ಚಿಯಲ್ಲೂ ಬಹಳ ಸಲ ಅದೇ ಇರುತ್ತದೆ. ಇಟಲಿಯ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯ ಹೆಪ್ಪಿನಿಂದ ಮಾಡುತ್ತಾರೆ. ಪನ್ನಾ ಕೋಟಾ ಅನ್ನುವ ಬಿಳಿ ಸಿಹಿ ಗಟ್ಟಿಯಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್‌ನಿಂದ. ಇವನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ, ಮೊದಲ ದಿನವೇ ಬಾಣಸಿಗರ ಕೈಗೆ ಕೊಡಿ. ನಾನು ಮೂರನೇ ದಿನ ಕೊಟ್ಟೆ. ಅದು ನನ್ನ ತಪ್ಪು.

ಚೀಟಿಯಿಂದ ಒಂದು ಒಳ್ಳೆಯದಾಯಿತು. ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿದ್ದ ಒಬ್ಬ ಸ್ಥಳೀಯ ಹೆಂಗಸು ಅಮ್ಮನಿಗೋಸ್ಕರ ಮಸ್ ಹುನಿ ಮಾಡಿ ತಂದರು, ಮಸ್ ಇಲ್ಲದೆ. ಮಸ್ ಅಂದರೆ ಮೀನು, ಹುನಿ ಅಂದರೆ ತುರಿದ ಕಾಯಿ. ಅಲ್ಲಿನವರ ಬೆಳಗಿನ ತಿಂಡಿ ಅದು. ಮೀನಿನ ಬದಲು ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿದ್ದರು. ಕಾಯಿತುರಿ, ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ, ಉಪ್ಪು. ಎಲ್ಲವನ್ನೂ ಕೈಯಲ್ಲೇ ಹಿಸುಕಿ ಕಲಸಿದ್ದು. ಜೊತೆಗೆ ರೋಶಿ, ನಮ್ಮ ಚಪಾತಿಯ ತಂಗಿಯಂಥದ್ದು. ಅಮ್ಮ ಒಂದು ತುತ್ತು ತಿಂದು, "ಅಯ್ಯೋ, ಇದು ನಮ್ಮ ಕೋಸಂಬರಿ ಕೈ ಕಣೇ" ಅಂದಳು. ಕಲಸಿದ ಕೈಯಲ್ಲಿ ರುಚಿ ಇದೆ ಅಂತ ಅರ್ಥ. ಐದು ಊಟದ ಜಾಗದಲ್ಲಿ ಅಷ್ಟು ದಿನ ತಿಂದದ್ದರಲ್ಲಿ ಅಪ್ಪನಿಗೂ ಅದೇ ಹೆಚ್ಚು ಹಿಡಿಸಿತು. ಕಾಯಿಗೆ ಸಿಗಬೇಕಾದ ಮರ್ಯಾದೆ ಕೊನೆಗೂ ಸಿಕ್ಕಿತು ಅನ್ನುವ ಹಾಗೆ ಮುಖ ಮಾಡಿಕೊಂಡಿದ್ದರು.

ಇನ್ನು ದೋಸೆಯ ವಿಷಯ.

ನಮ್ಮದು ದೊಡ್ಡ ಮನೆ. ಅಜ್ಜ, ಅಜ್ಜಿ, ಚಿಕ್ಕಪ್ಪ, ನಾವು. ಭಾನುವಾರ ದೋಸೆ. ಒಲೆಯ ಮುಂದೆ ಅಮ್ಮ, ಸಾಲಾಗಿ ಕೂತ ನಾವು. ಹೆಂಚಿನಿಂದ ತಟ್ಟೆಗೆ ಬೀಳುವ ದೋಸೆ ನಾಲಿಗೆ ಸುಡುತ್ತಿತ್ತು. ಮೊದಲ ದೋಸೆ ಹೆಂಚಿಗೆ ಅಂಟಿ ಹರಿಯುತ್ತದಲ್ಲ, ಅದನ್ನು ಅಮ್ಮ ಪಕ್ಕಕ್ಕೆ ಎತ್ತಿಡುತ್ತಿದ್ದಳು. ಹಿಟ್ಟು ಮುಗಿದ ಮೇಲೆ ಪಾತ್ರೆಗೆ ಸ್ವಲ್ಪ ನೀರು ಹಾಕಿ ತೊಳೆದು, ಆ ನೀರು ಹಿಟ್ಟನ್ನು ಕೊನೆಯದಾಗಿ ಹುಯ್ಯುತ್ತಿದ್ದಳು. ಹರಿದ ಮೊದಲನೆಯದು, ತೊಳೆದ ಕೊನೆಯದು. ಇವೆರಡೂ ಅಮ್ಮನ ಪಾಲು. ನಿಂತೇ ತಿನ್ನುತ್ತಿದ್ದಳು, ಚಟ್ನಿಯ ಪಾತ್ರೆಯನ್ನೇ ಬಳಿದುಕೊಂಡು.

ರೆಸಾರ್ಟಿನ ಬೆಳಗಿನ ಬಫೆಯ ಒಂದು ಮೂಲೆಯಲ್ಲಿ ದೋಸೆಯ ಜಾಗ ಇತ್ತು. ತಿರುನೆಲ್ವೇಲಿ ಕಡೆಯ ಹುಡುಗ. ಮೊದಲ ಮೂರು ದಿನ ಅಮ್ಮ ಅವನ ಹತ್ತಿರ ನಿಂತು ನಮ್ಮ ದೋಸೆಗಳನ್ನು ತರುತ್ತಿದ್ದಳು. ಅವನು ಅರ್ಧ ಈರುಳ್ಳಿಯಿಂದ ಹೆಂಚು ಉಜ್ಜುವುದನ್ನು ನೋಡಿ ಮೆಚ್ಚಿದ್ದಳು. ಅವನು ತಮಿಳಿನಲ್ಲಿ, ಅಮ್ಮ ಕನ್ನಡದಲ್ಲಿ, ಬಹಳ ಮಾತಾಡುತ್ತಿದ್ದರು.

ಕೊನೆಯ ದಿನ ಅಮ್ಮ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಏಳು ಗಂಟೆಗೇ ಹೊರಟಳು. ನಾನೂ ಹೋದೆ. ಅಪ್ಪ, ತಮ್ಮ ಇನ್ನೂ ಮಲಗಿದ್ದರು. ಹಾಗಾಗಿ ತಂದುಕೊಡಬೇಕಾದವರು ಯಾರೂ ಇರಲಿಲ್ಲ. ಆ ಹುಡುಗ ಅಮ್ಮನನ್ನು ನೋಡಿ, ಎದುರಿಗಿದ್ದ ಮೇಜು ತೋರಿಸಿ, "ಉಕ್ಕಾರುಂಗ ಅಮ್ಮಾ" ಅಂದ. ಕೂತ್ಕೊಳ್ಳಿ ಅಮ್ಮ ಅಂತ. ಅಮ್ಮ ಕೂತಳು. ಹುಡುಗ ದೋಸೆ ಹುಯ್ದು, ಅಂಚು ಕೆಂಪಾದ ಮೇಲೆ ಮಡಿಸಿ, ತಾನೇ ತಂದು ತಟ್ಟೆಗೆ ಹಾಕಿದ. ಹೊಗೆ ಏಳುತ್ತಿತ್ತು. ಅಮ್ಮ ತುದಿ ಮುರಿದಳು, ಬಿಸಿಗೆ ಬೆರಳು ಹಿಂದಕ್ಕೆ ಎಳೆದುಕೊಂಡಳು, ಊದಿದಳು. ನಾನು ನೋಡುತ್ತಾ ಕೂತಿದ್ದೆ. ನನಗೆ ನಲವತ್ತೆರಡು ವರ್ಷ. ಅಮ್ಮ ದೋಸೆಯನ್ನು ಊದಿ ತಿನ್ನುವುದನ್ನು ಅದೇ ಮೊದಲು ನೋಡಿದ್ದು.

ಅವನು ಇನ್ನೊಂದು ತಂದ. ಅಮ್ಮ ಬೇಡ ಅನ್ನಲಿಲ್ಲ. ಮೂರನೆಯದನ್ನೂ ತಿಂದಳು. ಮುಗಿಸಿ ಕೈ ತೊಳೆದುಕೊಂಡು ಅವನ ಹತ್ತಿರ ಹೋಗಿ, "ನೀನು ತಿಂದ್ಯೇನಪ್ಪಾ?" ಅಂತ ಕೇಳಿದಳು. ಅವನು ನಕ್ಕು ಕೈ ಗಡಿಯಾರ ತೋರಿಸಿದ. ತಿಂಡಿಯ ಹೊತ್ತು ಮುಗಿದು, ಹೆಂಚು ಉಜ್ಜಿಟ್ಟು, ಹನ್ನೊಂದಕ್ಕೆ, ಕೆಲಸದವರ ಊಟದ ಮನೆಯಲ್ಲಿ. ಊರಿಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತಂತೆ. ಅಮ್ಮ ಸೊಂಟದ ಚೀಲದಿಂದ ವಿಭೂತಿ ತೆಗೆದು ಅವನ ಹಣೆಗೆ ಹಚ್ಚಿದಳು. ಅವನು ಹೆಂಚಿನ ಉರಿ ಸಣ್ಣ ಮಾಡಿ ತಲೆ ಬಗ್ಗಿಸಿದ.

ವಿಮಾನದಲ್ಲಿ ಅಮ್ಮ ಸಮುದ್ರದ ಮಾತು ಆಡಲಿಲ್ಲ. "ಆ ಹುಡುಗಂಗೆ ಬಿಸಿದು ಹಾಕ್ಕೊಡೋರು ಯಾರೇ?" ಅಂತ ಕೇಳಿದಳು. ಕೇಳಿ ಕಿಟಕಿಯ ಕಡೆ ತಿರುಗಿದಳು.

ಬಂದ ಮೇಲೆ ಎರಡನೇ ಭಾನುವಾರ ಅಮ್ಮ ತುಮಕೂರಿಗೆ, ನನ್ನ ಮನೆಗೆ ಬಂದಳು. ದೋಸೆಗೆ ರುಬ್ಬಿಟ್ಟಿದ್ದೆ. ನನ್ನ ಗಂಡ, ಮಗಳು ಏಳುವ ಮೊದಲೇ ಅಮ್ಮನನ್ನು ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಕೂರಿಸಿದೆ. ಮೊದಲನೆಯದು ಹರಿಯಿತು. ಅಮ್ಮನ ಕೈ ತಾನಾಗಿಯೇ ಮುಂದೆ ಬಂತು. ನಾನು ಅದನ್ನು ನನ್ನ ತಟ್ಟೆಗೆ ಹಾಕಿಕೊಂಡೆ. ಎರಡನೆಯದು ಚೆನ್ನಾಗಿ ಬಂತು, ಅಮ್ಮನಿಗೆ ಹಾಕಿದೆ. ಮೂರನೆಯದನ್ನೂ. ತಿಂದಳು, ಊದಿ ಊದಿ. ನಾಲ್ಕನೆಯದಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು.

"ಸಾಕು ಕಣೇ. ನೀನು ತಟ್ಟೆ ತಗೊಂಡು ಇಲ್ಲಿ ಬಂದು ಕೂತ್ಕೋ" ಅಂತ ಎದ್ದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. "ಆ ಹರಿದಿದ್ದು ಆರೋಗಿದೆ, ಬಿಡು. ಬಿಸಿದು ಹಾಕ್ತೀನಿ."